ಬೀದಿಯಲ್ಲಿ ಕಲಿತ ವಿದ್ಯೆ

ಅಮೆರಿಕದ ಹಳ್ಳಿಗರ, ಗಿರಣಿಯ ಕೂಲಿಕಾರರ, ಬಡ ರೈತರ ಸುಖದುಃಖಗಳಿಗೆ ನಾಲಗೆಯಾದುದು ಕಂಟ್ರಿ ಸಂಗೀತ. ಆ ಸಂಗೀತದ ಕವಿಗಳಲ್ಲಿ ಅಗ್ರಗಣ್ಯನೆನಿಸಿದವನು ಹ್ಯಾಂಕ್ ವಿಲಿಯಮ್ಸ್. ಅವನು ಬದುಕಿದ್ದುದು ಇಪ್ಪತ್ತೊಂಬತ್ತೇ ವರ್ಷ.

1923ರ ಸೆಪ್ಟೆಂಬರ್ 17ರಂದು ಅಲಬಾಮಾ ಸಂಸ್ಥಾನದ ಮೌಂಟ್ ಆಲಿವ್ ಎಂಬಲ್ಲಿ ಅವನ ಜನನವಾಯಿತು. ಹುಟ್ಟಿನಿಂದಲೇ ಬೆನ್ನುಮೂಳೆಯಲ್ಲಿ ದೋಷವಿದ್ದಿತು. ತಂದೆ ಹಲವು ವರ್ಷ ಆಸ್ಪತ್ರೆಯ ಪಾಲಾದನು. ತಾಯಿ ಊಟ ವಸತಿಯ ಮನೆ ನಡೆಸಿ ಮಕ್ಕಳನ್ನು ಸಲಹಿದಳು. ಬಳಲಿದ ಮೈಯ ಆ ಹುಡುಗನಿಗೆ ದೊರೆತ ಗುರುವಾದರೂ ಯಾರು? ಬೀದಿಯಲ್ಲಿ ಗಿಟಾರ್ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಕಪ್ಪು ಜನಾಂಗದ ರೂಫಸ್ ಪೇನ್. ಜನ ಅವನನ್ನು 'ಟೀ ಟಾಟ್' ಎಂದು ಕರೆಯುತ್ತಿದ್ದರು.

ಬಿಳಿಯರಿಗೊಂದು ಶಾಲೆ, ಕಪ್ಪು ಜನರಿಗೊಂದು ಶಾಲೆ ಎಂದು ಕಾನೂನೇ ಗೆರೆ ಎಳೆದಿದ್ದ ಕಾಲವದು. ಶಾಲೆಯಲ್ಲಿ ಜೊತೆಯಾಗಿ ಕುಳಿತುಕೊಳ್ಳಲಾಗದವರು ಬೀದಿಯ ಅಂಚಿನಲ್ಲಿ ಗುರುಶಿಷ್ಯರಾದರು. ತಂತಿಯ ಮೇಲೆ ಬೆರಳಿಡುವ ಕ್ರಮ, ಬ್ಲೂಸ್ ಎಂಬ ಶೋಕಗೀತದ ಲಯ, ದಾರಿಹೋಕನನ್ನು ನಿಲ್ಲಿಸುವ ಜಾಣ್ಮೆ, ಇವೆಲ್ಲವೂ ಹುಡುಗನಿಗೆ ಅಲ್ಲಿಯೇ ಲಭಿಸಿದವು.

1946ರಲ್ಲಿ ಹ್ಯಾಂಕ್ ನ್ಯಾಷ್‌ವಿಲ್ಲಿಗೆ ಹೋದನು. ಪ್ರಕಾಶಕ ಫ್ರೆಡ್ ರೋಸ್ ಅವನ ಸಾಹಿತ್ಯವನ್ನು ತಿದ್ದಿ ಒಪ್ಪಗೊಳಿಸಿದನು. 1949ರ ಜೂನ್ 11ರಂದು 'ಗ್ರ್ಯಾಂಡ್ ಓಲ್ ಆಪ್ರಿ' ರಂಗದ ಮೇಲೆ ಸಭಿಕರು ಅವನಿಂದ ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಿಸಿದರು. ಆಡುಮಾತಿನ ಪದಗಳು, ಮೂರು ನಾಲ್ಕು ಸ್ವರಮೇಳಗಳು. ಇಷ್ಟೇ ಅವನ ಸಾಮಗ್ರಿ. ಆದರೂ 1951ರಲ್ಲಿ ಅವನ 'ಕೋಲ್ಡ್, ಕೋಲ್ಡ್ ಹಾರ್ಟ್' ಗೀತೆಯನ್ನು ನಗರದ ಗಾಯಕ ಟೋನಿ ಬೆನೆಟ್ ಹಾಡಿದಾಗ, ಹಳ್ಳಿಯ ಹಾಡೆಂದು ಮೂಗು ಮುರಿಯುತ್ತಿದ್ದವರೂ ಕಿವಿಗೊಟ್ಟರು.

ಕೀರ್ತಿ ಬಂದಿತು, ನೆಮ್ಮದಿ ಬರಲಿಲ್ಲ. ಬೆನ್ನಿನ ನೋವಿಗೆ ಮದ್ದು, ಮದ್ದಿನ ಜೊತೆಗೆ ಮದ್ಯ. ಸಂಸಾರ ಒಡೆಯಿತು. 1952ರ ಆಗಸ್ಟ್‌ನಲ್ಲಿ ಆಪ್ರಿ ಅವನನ್ನು ಹೊರಗೆ ಹಾಕಿತು. 1953ರ ಹೊಸವರ್ಷದ ದಿನ ಕಛೇರಿಗೆಂದು ಹೊರಟ ಕಾರಿನ ಹಿಂದಿನ ಆಸನದಲ್ಲೇ ಅವನ ಪ್ರಾಣ ಹೋಗಿದ್ದಿತು. ಮಾಂಟ್‌ಗೊಮರಿಯ ಅಂತ್ಯಕ್ರಿಯೆಗೆ ಸಾವಿರಾರು ಜನ ನೆರೆದರು. 1961ರಲ್ಲಿ ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಆಯ್ಕೆಯಾದ ಮೊದಲ ಮೂವರಲ್ಲಿ ಅವನೊಬ್ಬ, ಫ್ರೆಡ್ ರೋಸ್ ಇನ್ನೊಬ್ಬ. 2010ರಲ್ಲಿ ಪುಲಿಟ್ಜರ್ ಮಂಡಲಿಯ ವಿಶೇಷ ಗೌರವವೂ ಸಂದಿತು.

ರೂಫಸ್ ಪೇನನಾದರೋ 1939ರಲ್ಲಿಯೇ ಅದೇ ಮಾಂಟ್‌ಗೊಮರಿಯಲ್ಲಿ ಕಡುಬಡತನದಲ್ಲಿ ತೀರಿಕೊಂಡಿದ್ದನು. ಅವನನ್ನು ಹೂಳಿದ ಜಾಗಕ್ಕೆ ಗುರುತಿನ ಕಲ್ಲೂ ಇರಲಿಲ್ಲ. ಅವನ ದನಿಯ ಒಂದು ಧ್ವನಿಮುದ್ರಿಕೆಯೂ ಉಳಿದಿಲ್ಲ. ಹ್ಯಾಂಕ್ ಮಾತ್ರ ತನ್ನ ವಿದ್ಯೆ ಆತನದೆಂದು ಬಹಿರಂಗವಾಗಿಯೇ ಒಪ್ಪಿಕೊಂಡಿದ್ದನು. ಆ ಒಂದು ಮಾತು ಇಲ್ಲದಿದ್ದರೆ, ಒಂದು ನಾಡೇ ಹಾಡಿಕೊಂಡ ಗೀತೆಗಳ ಹಿಂದಿದ್ದ ಗುರುವಿನ ಹೆಸರೂ ಮಣ್ಣುಪಾಲಾಗುತ್ತಿತ್ತು.