ತೂಕ ಇಳಿದರೆ ಸಾಲದು

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯಲ್ಲಿ ದೇಹದ ತೂಕ ನೋಡುವ ಯಂತ್ರ ಎಲ್ಲರ ಮನೆಯಲ್ಲಿಯೂ ಇರುವ ವಸ್ತುವಲ್ಲ. ಆದರೂ ತೂಕದ ಮಾತು ಇಂದು ಹಳ್ಳಿ ಪಟ್ಟಣಗಳೆನ್ನದೆ ಎಲ್ಲೆಡೆ ಕೇಳಿಬರುತ್ತಿದೆ. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ವೈದ್ಯರನ್ನು ಕಂಡವರಿಗೆ ದೊರೆಯುವ ಮೊದಲ ಸಲಹೆಗಳಲ್ಲಿ ತೂಕ ಇಳಿಸಿಕೊಳ್ಳಿ ಎಂಬುದೂ ಒಂದು. ಅಂಥವರು ಆಸ್ಪತ್ರೆಗೆ ಹೋದಾಗಲೆಲ್ಲ ಯಂತ್ರವನ್ನೇರಿ ಮುಳ್ಳಿನತ್ತ ಆಸೆಯಿಂದ ನೋಡುತ್ತಾರೆ. ಒಂದು ತಿಂಗಳು ನಡೆದು, ಊಟ ಮಿತಗೊಳಿಸಿದರೂ ಮುಳ್ಳು ಕದಲಲಿಲ್ಲವೆಂದರೆ, 'ನಮ್ಮ ಮೈಯೇ ಇಷ್ಟು' ಎಂದು ನಡಿಗೆಯನ್ನೂ ಪಥ್ಯವನ್ನೂ ಒಟ್ಟಿಗೇ ಕೈಬಿಡುತ್ತಾರೆ. ಚಿಂತಿಸಬೇಕಾದ ವಿಷಯವಿದು. ಫಲ ದೊರೆಯುತ್ತಿರುವಾಗಲೇ ಅದನ್ನು ಕಾಣದೆ ಪ್ರಯತ್ನವನ್ನು ಬಿಡುವುದಕ್ಕಿಂತ ದೊಡ್ಡ ನಷ್ಟ ಮತ್ತಾವುದಿದೆ?

ಯಂತ್ರ ಸುಳ್ಳು ಹೇಳುವುದಿಲ್ಲ. ಆದರೆ ಅದು ಒಟ್ಟು ಭಾರವನ್ನು ಮಾತ್ರ ಹೇಳುತ್ತದೆ. ಎಲುಬು, ಸ್ನಾಯು, ಕೊಬ್ಬು, ನೀರು, ಆಗತಾನೆ ಉಂಡ ಮುದ್ದೆ, ಇವೆಲ್ಲವೂ ಅದಕ್ಕೆ ಒಂದೇ. ಒಂದೇ ದಿನದೊಳಗೆ ಒಂದೆರಡು ಕಿಲೋ ಏರುಪೇರಾಗುವುದು ಸಹಜ. ನಮ್ಮ ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುವ ಪ್ರತಿ ಗ್ರಾಂ ಪಿಷ್ಟವೂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಬಿಟ್ಟ ಮೊದಲ ದಿನಗಳಲ್ಲಿ ಆ ಪಿಷ್ಟ ಕರಗಿ, ಜೊತೆಯಲ್ಲಿ ನೀರೂ ಹೊರಬೀಳುತ್ತದೆ. ತಪಸ್ಸುಕಾಲವಾಗಲಿ, ಶಿವರಾತ್ರಿಯಾಗಲಿ, ರಂಜಾನ್ ಆಗಲಿ, ಉಪವಾಸದ ಬೆನ್ನಿಗೇ ತೂಕ ನೋಡಿ ಹಿಗ್ಗುವವರು ಇದನ್ನು ನೆನಪಿನಲ್ಲಿಡುವುದು ಒಳಿತು.

ಈ ಮಾತು ಭಾರತೀಯರಾದ ನಮಗೆ ವಿಶೇಷವಾಗಿ ಅನ್ವಯಿಸುತ್ತದೆ. ಪುಣೆಯ ಡಾ. ಯಾಜ್ಞಿಕ್ ಹಾಗೂ ಲಂಡನ್ನಿನ ಡಾ. ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮ ದೇಹಗಳದೇ ಲೆಕ್ಕವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿ.ಎಂ.ಐ. ಇಬ್ಬರಲ್ಲಿಯೂ ಒಂದೇ, 22.3. ಆದರೆ ಲಂಡನ್ನಿನವರ ಮೈಯಲ್ಲಿ ಕೊಬ್ಬು ಶೇಕಡಾ 9.1 ಇದ್ದರೆ, ಪುಣೆಯವರಲ್ಲಿ ಶೇಕಡಾ 21.2! ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಹೊತ್ತಿರುವುದು ನಮ್ಮ ಜನರ ಲಕ್ಷಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದನ್ನೇ ತೋರಿಸಿತು. ದೇಶದ ನೂರು ಮಹಿಳೆಯರಲ್ಲಿ ಬಿ.ಎಂ.ಐ. ಪ್ರಕಾರ ಅತಿತೂಕದವರು 24 ಮಂದಿ. ಸೊಂಟ ಮತ್ತು ನಿತಂಬದ ಸುತ್ತಳತೆಗಳನ್ನು ಹೋಲಿಸಿ ನೋಡಿದಾಗ ಅಪಾಯದ ಮಟ್ಟದಲ್ಲಿದ್ದವರು ಸುಮಾರು 57 ಮಂದಿ. ತೂಕವನ್ನಷ್ಟೇ ನಂಬಿದ್ದರೆ ಇವರಲ್ಲಿ ಬಹುಮಂದಿ ಸುರಕ್ಷಿತರೆಂದೇ ಭಾವಿಸಲ್ಪಡುತ್ತಿದ್ದರು.

ಇನ್ನು ಮುಳ್ಳು ಕದಲದವರ ಮಾತು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂದಿತು; ನಡಿಗೆ ಮತ್ತು ಮಿತಾಹಾರವನ್ನು ಅನುಸರಿಸಿದ ಗುಂಪಿನಲ್ಲಿ 39 ಮಂದಿಗೆ. ಆದರೆ ಹೀಗೆ ಕಾಯಿಲೆಯನ್ನು ದೂರವಿಟ್ಟವರ ಗುಂಪಿನ ಸರಾಸರಿ ತೂಕ ಬಹುಮಟ್ಟಿಗೆ ಇದ್ದಂತೆಯೇ ಇತ್ತು! ಯಂತ್ರವನ್ನಷ್ಟೇ ನಂಬಿ ನಡಿಗೆಯನ್ನು ನಿಲ್ಲಿಸಿದ್ದರೆ ಅವರು ಕಳೆದುಕೊಳ್ಳುತ್ತಿದ್ದುದು ಎಷ್ಟೆಂದು ವಾಚಕರೇ ಊಹಿಸಬಹುದು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಪ್ರಯತ್ನವಿಲ್ಲದೆ ತೂಕ ಇಳಿದವರನ್ನು ಕಂಡು, 'ಒಳ್ಳೇದಾಯಿತು, ಸಣ್ಣಗಾಗಿದ್ದೀರಿ' ಎಂದು ಅಭಿನಂದಿಸುವ ರೂಢಿ ನಮ್ಮಲ್ಲಿದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೂ ಕ್ಷಯವೂ ಹೀಗೆಯೇ ಮೈ ಇಳಿಸುತ್ತವೆ. ಅಂಥವರಿಗೆ ಬೇಕಾದುದು ವೈದ್ಯರ ತಪಾಸಣೆ. ಕೇವಲ ಗಂಜಿ ಕುಡಿದು ತೂಕ ಕಳೆದುಕೊಳ್ಳುವ ವೃದ್ಧರಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಮುಳ್ಳು ಕೆಳಗಿಳಿದರೂ ಕೂತಲ್ಲಿಂದ ಏಳುವ ಶಕ್ತಿ ಕುಂದುತ್ತದೆ. ಅವರ ಊಟದಲ್ಲಿ ಹುರುಳಿ, ಅವರೆ, ತೊಗರಿ, ಹಾಲು, ಮೊಟ್ಟೆ ಕಡಿಮೆಯಾಗಬಾರದು. ಆದ್ದರಿಂದ ಎಷ್ಟು ಇಳಿಯಿತು ಎಂಬುದರ ಜೊತೆಗೆ ಏನು ಇಳಿಯಿತು ಎಂದೂ ನಾವು ಕೇಳಬೇಕು.

ಹಾಗಾದರೆ ಅಳೆಯುವುದು ಹೇಗೆ? ನಮ್ಮ ಗ್ರಾಮೀಣ ಪುರುಷರಲ್ಲಿ ಅನೇಕರ ಸೊಂಟದಲ್ಲಿ ಹುಟ್ಟಿದಾರಭ್ಯ ಒಂದು ಅಳತೆಗೋಲು ಇದ್ದೇ ಇದೆ. ಉಡಿದಾರ ಬಿಗಿಯಾಯಿತೇ ಸಡಿಲವಾಯಿತೇ ಎಂಬುದನ್ನು ಅವರು ಬಲ್ಲರು. ಮಹಿಳೆಯರಿಗೆ ರವಿಕೆಯ ಹೊಲಿಗೆಯೇ ಅದನ್ನು ತಿಳಿಸುತ್ತದೆ. ಆದರೆ ಉಡಿದಾರ ಹೊಟ್ಟೆಯ ಕೆಳಕ್ಕೆ ಜಾರಿ ಕೂರುವುದರಿಂದ ಅದು ಸುಳಿವು ಮಾತ್ರ. ಲೆಕ್ಕಕ್ಕೆ ದರ್ಜಿಯ ಟೇಪು ಬೇಕು. ನೇರವಾಗಿ ನಿಂತು, ಉಸಿರು ಹೊರಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಅಳೆಯಬೇಕು. ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರಿಕೆ ಅಗತ್ಯ. ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಪಟ್ಟಿಯಲ್ಲಿ ತುಂಬುವ ವಿವರಗಳಲ್ಲಿ ಈ ಸೊಂಟದ ಅಳತೆಯೂ ಒಂದು. ಆ ಅಂಕಿ ಸರ್ಕಾರದ ಕಡತ ಸೇರಿದರೆ ಸಾಲದು. ಮನೆಯವರು ಅದನ್ನು ಕೇಳಿ ಪಡೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲಿ. ಕಾರ್ಯಕರ್ತೆಯರೂ ಅದರ ಅರ್ಥವನ್ನು ಎರಡು ಮಾತಿನಲ್ಲಿ ತಿಳಿಸಲಿ. ಅಳತೆಗೆ ನಾಚುವ ಗಂಡಸರು ತಾವೇ ಅಳೆದು ಹೇಳಲಿ.

ಬರೆದಿಡಬೇಕಾದುದು ಇನ್ನೂ ಕೆಲವಿವೆ. ಉಸಿರು ಎಷ್ಟು ಸುಧಾರಿಸಿದೆಯೆಂದು ತಿಳಿಯಲು ಮಧುಗಿರಿಯ ಏಕಶಿಲಾ ಬೆಟ್ಟವನ್ನೇ ಹತ್ತಬೇಕೆಂದಿಲ್ಲ. ಕೆರೆಯ ಏರಿಯ ಮೇಲೆ ನಡೆಯುವಾಗ ಕಳೆದ ತಿಂಗಳು ಬಂದ ಏದುಸಿರು ಈಗ ಬರುತ್ತಿದೆಯೇ? ಕೈಯೂರದೆ ಕುರ್ಚಿಯಿಂದ ಏಳಲಾಗುತ್ತಿದೆಯೇ? ರಾತ್ರಿ ನಿದ್ರೆ ಹೇಗಿದೆ? ರಕ್ತದೊತ್ತಡವೆಷ್ಟು? ಕಾಯಿಲೆಯಿರುವವರು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಫಲಿತಾಂಶವನ್ನೂ ಬರೆದಿಡಬೇಕು.

ಯಂತ್ರವನ್ನು ತ್ಯಜಿಸಿರೆಂದು ಯಾರೂ ಭಾವಿಸಬೇಕಾಗಿಲ್ಲ. ವಾರಕ್ಕೊಮ್ಮೆ, ಒಂದೇ ವೇಳೆಯಲ್ಲಿ, ಬರಿಹೊಟ್ಟೆಯಲ್ಲಿ ತೂಕ ನೋಡುವುದು ಉಪಯುಕ್ತವೇ. ಬೊಜ್ಜನ್ನು ಬಿ.ಎಂ.ಐ. ಒಂದರಿಂದಲೇ ನಿರ್ಣಯಿಸಬಾರದೆಂದು 2025ರ ಜನವರಿಯಲ್ಲಿ ಅಂತರರಾಷ್ಟ್ರೀಯ ತಜ್ಞರ ಆಯೋಗವೊಂದೂ ಅಭಿಪ್ರಾಯಪಟ್ಟಿದೆ. ಹಲವು ಸಾಕ್ಷಿಗಳಲ್ಲಿ ಒಂದನ್ನೇ ಕರೆದು ತೀರ್ಪು ಕೊಡುವ ನ್ಯಾಯಾಲಯವನ್ನು ನಾವು ಒಪ್ಪುವುದಿಲ್ಲ. ನಮ್ಮ ಶರೀರದ ವಿಷಯದಲ್ಲಿಯೂ ಅದೇ ನ್ಯಾಯ ಇರಲಿ. ಮುಳ್ಳು ನಿಂತಲ್ಲಿಯೇ ನಿಂತಿದ್ದರೂ, ಉಡಿದಾರ ಒಂದಿಷ್ಟು ಸಡಿಲವಾಗಿದ್ದರೆ, ನಾಳೆಯ ನಡಿಗೆಯನ್ನು ತಪ್ಪಿಸಬೇಡಿ.