ರಾತ್ರಿ ಉಳಿಯುವುದು ಎಲ್ಲಿ?

ವಿದೇಶದಲ್ಲಿ ನೆಲೆಸಿದ ನೆಂಟರು ಮಕ್ಕಳೊಂದಿಗೆ ರಜೆಗೆ ಬಂದಾಗ ‘ಬೈಲಕುಪ್ಪೆಯಲ್ಲಿ ಎರಡು ದಿನ ಇದ್ದು ಬರೋಣ’ ಎನ್ನುವುದುಂಟು. ಆಗ ಮೊದಲು ವಿಚಾರಿಸಬೇಕಾದದ್ದು ಕೋಣೆಯ ಬಾಡಿಗೆಯನ್ನಲ್ಲ, ಅವರ ಪಾಸ್‌ಪೋರ್ಟು ಯಾವ ದೇಶದ್ದು ಎಂಬುದನ್ನು.

ಇಲ್ಲಿನ ಟಿಬೆಟನ್ ಶಿಬಿರಗಳಲ್ಲಿ ವಿದೇಶಿಯರು ಹಗಲು ಸುತ್ತಾಡಬಹುದು. ರಾತ್ರಿ ತಂಗಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು. ಪಿ.ಎ.ಪಿ. ಎನ್ನುತ್ತಾರೆ. ಬಂದ ದಿನ ಕೇಳಿದರೆ ಸಿಗುವಂಥದ್ದಲ್ಲ, ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ತಂದೆತಾಯಿ ಪಿರಿಯಾಪಟ್ಟಣದವರೇ ಆಗಿರಲಿ, ಮಗುವಿನದು ಅಮೆರಿಕದ ಪಾಸ್‌ಪೋರ್ಟಾದರೆ ನಿಯಮ ಮಗುವಿಗೂ ಅನ್ವಯ. ಕತ್ತಲಾದ ಮೇಲೆ ಅತಿಥಿಗೃಹದ ಬಾಗಿಲಲ್ಲಿ ಇದು ತಿಳಿದರೆ ಮಕ್ಕಳ ಪಾಡೇನು?

ಮೈಸೂರಿನಲ್ಲೇ ಉಳಿಯಲಿ ಎನ್ನುವವರಿದ್ದಾರೆ. ಸುಮಾರು 80 ಕಿಲೋಮೀಟರ್, ಹೋಗಿಬರಲು 160. ಗಂಟೆಗೆ 40ರ ವೇಗವಾದರೆ ದಾರಿಗೆ ಎಷ್ಟು ಹೊತ್ತು? ಮನೆಯ ಮಕ್ಕಳೇ ಲೆಕ್ಕ ಹಾಕಲಿ. ನನ್ನ ಮತ ಕುಶಾಲನಗರಕ್ಕೆ. ಕಾವೇರಿ ಸೇತುವೆ ದಾಟಿದರೆ ಕೊಡಗು ಜಿಲ್ಲೆ, ವಸತಿಗೃಹಗಳು ಬೇಕಾದಷ್ಟು. 1963ರಲ್ಲಿ ಸ್ಥಾಪನೆಯಾದ ನಮ್‌ಡ್ರೋಲಿಂಗ್ ಮಠ ಅಲ್ಲಿಂದ ಆರು ಕಿಲೋಮೀಟರ್ ಆಸುಪಾಸು, ಆಟೋ ಸಿಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಪ್ರವಾಸಿ ಬಸ್ಸುಗಳ ನೂಕುನುಗ್ಗಲಿಗೆ ಮುಂಚೆ ಸ್ವರ್ಣಮಂದಿರದ ಮೂರು ಬೃಹತ್ ಪ್ರತಿಮೆಗಳ ಮುಂದೆ ಮಕ್ಕಳು ನಿಧಾನವಾಗಿ ನಿಂತು ನೋಡಬಹುದು.

ಕೋಣೆ ಗೊತ್ತುಮಾಡುವಾಗ ‘ವಿದೇಶಿ ಪಾಸ್‌ಪೋರ್ಟಿನವರಿಗೆ ಕೊಡುತ್ತೀರಾ?’ ಎಂದು ಫೋನಿನಲ್ಲೇ ಕೇಳಿ. ಅಂಥವರ ವಿವರವನ್ನು ವಸತಿಗೃಹದವರು 24 ಗಂಟೆಯೊಳಗೆ ಸರ್ಕಾರಕ್ಕೆ ಕಳಿಸಬೇಕು. ಆ ತಾಪತ್ರಯವೇ ಬೇಡವೆನ್ನುವವರೂ ಉಂಟು. ಪಾಸ್‌ಪೋರ್ಟು, ವೀಸಾಗಳ ಮೂಲಪ್ರತಿ ಜತೆಗಿರಲಿ, ತೊಟ್ಟಿಲ ಕೂಸಿನದೂ.