ಮೆಟ್ಟಿಲು ಹತ್ತಿಸಿದ್ದೇಕೆ ಎಂದು ಕೇಳಿದವರಿಗೆ

ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಆ ದಿನ ನಮ್ಮ ಪ್ರೌಢಶಾಲೆಯಲ್ಲಿ ಭಾಷಣ ಇಡಲಿಲ್ಲ, ಚಿತ್ರಕಲಾ ಸ್ಪರ್ಧೆಯನ್ನೂ ಮಾಡಲಿಲ್ಲ. ಒಂಬತ್ತನೇ ತರಗತಿಯ ಮಕ್ಕಳನ್ನು ಮೆಟ್ಟಿಲು ಹತ್ತಿಸಿದೆ, ಲೋಟದಲ್ಲಿ ನೀರು ಹೊರಿಸಿದೆ, ಕೆರೆ-ದಡ ಆಡಿಸಿದೆ. ಮರುವಾರ ಎಸ್‌ಡಿಎಂಸಿ ಸಭೆಯಲ್ಲಿ ನನಗೆ ಸಿಕ್ಕಿದ್ದು ಮಂಗಳಾರತಿ. ಅಲ್ಲಿನ ಗದ್ದಲದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದೂರು: ಪಾಠದ ಹೊತ್ತಿನಲ್ಲಿ ಆಟ ಆಡಿಸಿದರೆ ಸಿಲಬಸ್ ಮುಗಿಸುವುದು ಯಾವಾಗ? ಸ್ವಾಮಿ, ಆ ಮೆಟ್ಟಿಲೇ ಸಿಲಬಸ್ಸು. 40 ಕಿಲೋ ತೂಕದ ಹುಡುಗ ನಮ್ಮ ಶಾಲೆಯ 3 ಮೀಟರ್ ಎತ್ತರದ ಮಹಡಿಯನ್ನು ಒಮ್ಮೆ ಹತ್ತಿದರೆ ಹೆಚ್ಚುಕಮ್ಮಿ 1,200 ಜೂಲ್ ಕೆಲಸ. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಭಾಗಿಸಿ ನೋಡಿ, 3,000 ಸಲ ಹತ್ತಬೇಕು. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಒಂದು ಗಂಟೆ ಉರಿಯಲು 27 ಸಲ ಸಾಕು. ತರಗತಿಯವರು ಸರದಿಯಲ್ಲಿ ಹತ್ತಿ ಐದು ನಿಮಿಷದೊಳಗೆ ಮುಗಿಸಿ ಕೇಕೆ ಹಾಕಿದರು. ಹಳೆಯ 60 ವ್ಯಾಟ್ ಬಲ್ಬಿಗೆ 180 ಸಲ. ಅದು ಮುಗಿಯುವಷ್ಟರಲ್ಲಿ ಕೇಕೆ ನಿಂತು ಏದುಸಿರು ಶುರುವಾಗಿತ್ತು. ಇನ್ನು 2,000 ವ್ಯಾಟ್‌ನ ಗೀಸರ್ ಹತ್ತು ನಿಮಿಷ ಹಾಕಿದರೆ ಎಷ್ಟು ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬೆರಳು ಮಡಿಸಿ ಲೆಕ್ಕ ಹಾಕಿ, ‘ಸಾವಿರ’ ಎಂದವನೇ ಮೆಟ್ಟಿಲ ಮೇಲೆ ಕುಸಿದು ಕೂತ. ಯೂನಿಟ್ ಎನ್ನುವುದು ಕಣ್ಣಿಗೆ ಕಾಣದು, ಕೈಗೆ ಸಿಗದು. ಮಗುವಿನ ಬಳಿ ಅದನ್ನು ಅಳೆಯಲು ಇರುವ ಮೀಟರ್ ಅದರ ಮೈಯೊಂದೇ. ಆಟವೆಂದರೆ ಕಹಿ ಮಾತ್ರೆಗೆ ಸವರಿದ ಬೆಲ್ಲ ಎಂದುಕೊಂಡವರು ಎಡವಿರುವುದು ಇಲ್ಲೇ. ಇಲ್ಲಿ ಮಾತ್ರೆಯೇ ಆಟ.

ಇದಕ್ಕೆ ಹೊಂದಿಕೊಂಡೇ ಬಂದ ಆಕ್ಷೇಪ ಎಂಜಿನಿಯರಾಗಿ ನಿವೃತ್ತರಾದ ಒಬ್ಬ ಅಜ್ಜನದು. ‘ಮೇಷ್ಟ್ರೇ, ಮೆಟ್ಟಿಲು ಹತ್ತುವಾಗ ಮೈ ಖರ್ಚು ಮಾಡುವುದು ನಿಮ್ಮ ಲೆಕ್ಕದ ನಾಲ್ಕೈದು ಪಟ್ಟು. ಮಿಕ್ಕಿದ್ದು ಶಾಖ, ಬೆವರು. ಅದನ್ನು ಬಿಟ್ಟಿದ್ದೀರಿ.’ ಹೌದು, ಬಿಟ್ಟಿದ್ದೆ. ಮರುದಿನವೇ ಬೋರ್ಡಿನ ಮೇಲೆ ಸರಿಪಡಿಸಿದೆ. ಆದರೆ ಅವರು ಎತ್ತಿದ ಮಾತಿಗಾಗಿಯೇ ನೀರಿನ ಆಟ ಇಟ್ಟಿದ್ದೆ, ಅದನ್ನು ಅವರು ನೋಡಿರಲಿಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಗೂಡ್ಸ್ ರೈಲಿನಲ್ಲಿ ಬರುವ ಕಲ್ಲಿದ್ದಲನ್ನು 100 ಲೋಟ ನೀರು ಎಂದುಕೊಳ್ಳಿ. ಸ್ಥಾವರದ ಮಕ್ಕಳು ಅದರಲ್ಲಿ ಸುಮಾರು 65 ಲೋಟವನ್ನು ಅಲ್ಲೇ ತೊಟ್ಟಿಗೆ ಸುರಿಯಬೇಕು, ಅದು ಶಾಖವಾಗಿ ಹೋದದ್ದು. ತಂತಿಯ ಮಕ್ಕಳು ಓಡುತ್ತ ಇನ್ನೊಂದೈದು ಲೋಟ ಚೆಲ್ಲುತ್ತಾರೆ. ಮನೆ ಮುಟ್ಟಿದ್ದು 30. ಅಲ್ಲಿ ಹಳೆಯ ಬಲ್ಬು ನೂರಕ್ಕೆ ಐದರಷ್ಟನ್ನು ಮಾತ್ರ ಬೆಳಕು ಮಾಡುತ್ತದೆ. ಕೊನೆಯ ಹುಡುಗಿಯ ಕೈಯಲ್ಲಿ ಉಳಿದದ್ದು ಒಂದೂವರೆ ಲೋಟ. ಅಷ್ಟು ದೂರ ಓಡಿ ಬಂದು ಇಷ್ಟೇನಾ ಎಂದು ಅವಳು ಸಿಟ್ಟಾದಳು. ಆ ಸಿಟ್ಟೇ ನನಗೆ ಬೇಕಿತ್ತು. (ನೀರು ಪೋಲು ಮಾಡಿದಿರಿ ಎಂದವರಿಗೆ: ತೊಟ್ಟಿಯ ನೀರು ಬಿಸಿಯೂಟದ ಕರಿಬೇವಿನ ಗಿಡಕ್ಕೆ ಹೋಯಿತು.)

ಎಲ್ಲರೂ ತಲೆದೂಗಿದ ಮಾತು ಇನ್ನೊಂದು. ಗೃಹಜ್ಯೋತಿ ಬಂದ ಮೇಲೆ ಕರೆಂಟೇ ಪುಕ್ಕಟೆ, ಉಳಿಸುವುದು ಯಾರಿಗಾಗಿ? ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಮಿತಿ ಹಾಕಿದ್ದಾರೆ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಮನೆಯವರ ತಲೆಗೇ. ಇದು ಸಣ್ಣ ಉತ್ತರ. ದೊಡ್ಡ ಉತ್ತರಕ್ಕೆ ಬಹಳ ದೂರ ಹೋಗಬೇಕಿಲ್ಲ. ನಮ್ಮೂರು ಇರುವುದು ಲಿಂಗನಮಕ್ಕಿ ಹಿನ್ನೀರಿನ ಅಂಚಿನಲ್ಲಿ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಗದ್ದೆಗಳಲ್ಲಿ ಈ ಪ್ರಶ್ನೆ ಕೇಳಿದವರ ಅಜ್ಜನ ಗದ್ದೆಯೂ ಒಂದು. ನಾಡಿಗೆಲ್ಲ ಬೆಳಕು ಕೊಟ್ಟ ಮುಳುಗಡೆಯ ಜನರಲ್ಲಿ ಎಷ್ಟೋ ಮಂದಿ ಸೀಮೆಎಣ್ಣೆ ಬುಡ್ಡಿಯಲ್ಲೇ ದಶಕಗಳನ್ನು ಕಳೆದರು. ಕರೆಂಟು ಪುಕ್ಕಟೆ ಎಂಬ ಮಾತು ಬೇರೆ ಊರಿನವರ ಬಾಯಲ್ಲಿ ಬಂದಿದ್ದರೆ ಸುಮ್ಮನಿರುತ್ತಿದ್ದೆನೇನೋ.

‘ಮಕ್ಕಳ ಕೈಯಲ್ಲಿ ಏನಿದೆ, ದೊಡ್ಡ ಖರ್ಚೆಲ್ಲ ಬೇರೆಯವರದು’ ಎಂದರು ಇನ್ನೊಬ್ಬರು. ಅರ್ಧ ನಿಜ. ರಾಜ್ಯದ ವಿದ್ಯುತ್ತಿನಲ್ಲಿ ಬಹಳ ದೊಡ್ಡ ಪಾಲು ಪಂಪ್‌ಸೆಟ್‌ಗಳಿಗೆ ಹೋಗುತ್ತದೆ, 10 ಎಚ್‌ಪಿವರೆಗೆ ಅದೂ ಉಚಿತ. ಆದರೆ 5 ಎಚ್‌ಪಿ ಮೋಟಾರು ಒಂದು ಗಂಟೆ ಓಡಲು ಕಡಿಮೆಯೆಂದರೂ 11,000 ಸಲ ಮೆಟ್ಟಿಲು ಹತ್ತಬೇಕು ಎಂದು ಲೆಕ್ಕ ಹಾಕಿದವಳು ಅಡಿಕೆ ತೋಟದ ಮನೆಯ ಹುಡುಗಿ. ಅವರ ತೋಟದಲ್ಲಿ ಆಟೋ ಸ್ಟಾರ್ಟರ್ ಇದೆ. ನಡುರಾತ್ರಿ ಕರೆಂಟು ಬಂದರೆ ಮೋಟಾರು ತಾನಾಗಿ ಶುರುವಾಗಿ, ಹೊಂಡ ತುಂಬಿ ಹರಿದರೂ ಬೆಳಗಿನವರೆಗೆ ಓಡುತ್ತದೆ. ಅಪ್ಪನಿಗೆ ಅವಳು ಏನು ಹೇಳಿದಳೋ ಗೊತ್ತಿಲ್ಲ. ಸಭೆಯಲ್ಲಿ ಅತಿ ಜೋರಾಗಿ ಮಾತಾಡಿದವರು ಆ ಅಪ್ಪನೇ ಎಂಬುದಷ್ಟು ಗೊತ್ತು.

ಇಂಥದ್ದೆಲ್ಲ ಸಣ್ಣವರಿಗೆ ಸರಿ, ದೊಡ್ಡವರು ಆಡಿಯಾರೇ ಎಂದು ನಕ್ಕವರೂ ಇದ್ದರು. ಸ್ತ್ರೀಶಕ್ತಿ ಸಂಘದವರು ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೊಡ ಹಿಡಿದು ಇದೇ ನೀರಿನ ಆಟ ಆಡಿದ್ದನ್ನು ಅವರು ಬಂದು ನೋಡಬೇಕಿತ್ತು.

ಮಕ್ಕಳಿಗೆ ಆಟ ನೆನಪಿರುತ್ತದೆ, ಪಾಠ ಮರೆಯುತ್ತದೆ ಎಂಬ ಟೀಕೆಯನ್ನು ಮಾತ್ರ ಒಪ್ಪುತ್ತೇನೆ. ಹಿಂದಿನ ವರ್ಷ ಸ್ವಿಚ್ ಆರಿಸುವ ಓಟ ಎಂದು ಒಂದನ್ನು ಮಾಡಿದ್ದೆ. ಮಕ್ಕಳು ಓಡಿದರು, ಬಿದ್ದರು, ನಕ್ಕರು, ಸಂಜೆ ಫ್ಯಾನು ತಿರುಗುತ್ತಿರುವಂತೆಯೇ ಮನೆಗೆ ಹೋದರು. ಅದರಲ್ಲಿ ಲೆಕ್ಕ ಇರಲಿಲ್ಲ, ಗಲಾಟೆ ಇತ್ತು. ಹಾಗಾಗಿ ಈ ಸಲ ಕೆರೆ-ದಡದಲ್ಲಿ ಪ್ರಶ್ನೆ ಸೇರಿಸಿದೆ. ‘ರಿಮೋಟಿನಲ್ಲಿ ಆರಿಸಿದ ಟಿವಿ!’ ಎಂದರೆ ಕರೆಂಟು ಇನ್ನೂ ಹರಿಯುತ್ತಿದೆ ಅನ್ನುವವರು ಕೆರೆಗೆ ಹಾರಬೇಕು, ನಿಂತಿದೆ ಅನ್ನುವವರು ದಡಕ್ಕೆ. ಅರ್ಧದಷ್ಟು ಮಕ್ಕಳು ದಡಕ್ಕೆ ಹಾರಿ ಔಟಾದರು. ಆಮೇಲೆ ಹದಿನೈದು ದಿನ ಎಲ್ಲರೂ ಮನೆಯ ಮೀಟರ್ ರೀಡಿಂಗ್ ಬರೆದು ತರಬೇಕೆಂದು ಕಟ್ಟು ಮಾಡಿದೆ. ಈ ಎರಡನೆಯ ಭಾಗವಿಲ್ಲದೆ ಆಡಿಸುವ ಆಟಕ್ಕೆ ನಾನೂ ವಿರೋಧಿಯೇ.

ನನ್ನ ಬಾಯಿ ಕಟ್ಟಿಸಿದ ಪ್ರಶ್ನೆ ಒಂದೇ. ಅದನ್ನು ಕೇಳಿದ ತಾಯಿಯ ದನಿಯಲ್ಲಿ ಜಗಳ ಇರಲಿಲ್ಲ. ‘ನನ್ನ ಮಗಳಿಗೆ ಕಾಲು ಸರಿಯಿಲ್ಲ. ಅವಳಿಗೆ ಎಣಿಸುವ ಕೆಲಸ ಕೊಟ್ಟಿರಿ. ಅವಳಿಗೆ ಯೂನಿಟ್ ಗೊತ್ತಾಗುವುದು ಹೇಗೆ?’ ಮೈಯೇ ಮೀಟರ್ ಎಂದು ಹೇಳುತ್ತ ಬಂದವನು ನಾನು. ಉತ್ತರ ಇರಲಿಲ್ಲ.

ಮಹಡಿಯ ಜಗಲಿಗೆ ಈಗ ಒಂದು ರಾಟೆ ಕಟ್ಟಿದ್ದೇವೆ. ಹಗ್ಗದ ತುದಿಗೆ 4 ಕಿಲೋ ಮರಳಿನ ಚೀಲ, ಎತ್ತರ ಅದೇ 3 ಮೀಟರ್. ಕುರ್ಚಿಯಲ್ಲಿ ಕೂತು ಹತ್ತು ಸಲ ಎಳೆದರೆ ಒಬ್ಬ ಒಮ್ಮೆ ಮೆಟ್ಟಿಲು ಹತ್ತಿದ್ದಕ್ಕೆ ಸಮ. ಕಳೆದ ಶನಿವಾರ ಎಲ್‌ಇಡಿ ಬಲ್ಬಿನ 27ರಲ್ಲಿ ನಾಲ್ಕನ್ನು ಅವಳೊಬ್ಬಳೇ ಎಳೆದಳು. ಎಣಿಸುವ ಕೆಲಸ ಉಳಿದವರದಾಗಿತ್ತು.